ಇಂಜಿಯ ಬೇರು ಹುಡುಕುತ್ತಾ...

ಮಂಗಳೂರಿನ ಯಾವುದಾದರೂ ತರಕಾರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಒಂದೇ ಬುಟ್ಟಿಗೆ ಕೈ ಹಾಕುತ್ತಾ ಒಬ್ಬರು ಶುಂಠಿ ಎನ್ನುತ್ತಾರೆ, ಕೊಂಕಣಿಯವರು ಆಲೆಂ ಎನ್ನುತ್ತಾರೆ, ಉರ್ದು ಮಾತಾಡುವವರು ಅದ್ರಕ್ ಎನ್ನುತ್ತಾರೆ, ನಾವು ಬ್ಯಾರಿಗಳು ಇಂಜಿ ಎನ್ನುತ್ತೇವೆ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರಾದರೆ ಅಲ್ಲ ಕೇಳುತ್ತಾರೆ. ಅಂಗಡಿಯವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಯಾರು ಯಾವ ಹೆಸರಿನಿಂದ ಕೇಳಿದರೂ ಅದೇ ತುಂಡನ್ನು ಮುರಿದು, ಮಣ್ಣು ಕೊಡವಿ ತಕ್ಕಡಿಗೆ ಹಾಕುತ್ತಾನೆ.

ತೊಂದರೆಯಾದದ್ದು ಶಾಲೆಯಲ್ಲಿ. ಅಡುಗೆ ಮನೆಯ ಸಾಮಾನುಗಳ ಹೆಸರು ಬರೆಯಲು ಹೇಳಿದ್ದಾಗ ನಾನು ಮನೆಯಲ್ಲಿ ಉಮ್ಮ ಹೇಳುವ ಹಾಗೆಯೇ ಇಂಜಿ ಎಂದು ಬರೆದಿದ್ದೆ. ಮೇಷ್ಟರು ಅದಕ್ಕೆ ಕೆಂಪು ಗೆರೆ ಎಳೆದು, ‘ಇದು ಕನ್ನಡ ಅಲ್ಲ ಮಾರಾಯ, ನಿಮ್ಮವರ ಭಾಷೆ’ ಎಂದರು. ಕನ್ನಡ ತರಗತಿಯಲ್ಲಿ ಶುಂಠಿ ಎಂದೇ ಬರೆಯಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ‘ನಿಮ್ಮವರ’ ಎಂಬ ಪದಕ್ಕೆ ತರಗತಿಯಲ್ಲಿ ಎದ್ದ ನಗು ಬಹಳ ವರ್ಷ ಕಿವಿಯಲ್ಲಿತ್ತು. ಆ ಮೇಲೆ ಹೊರಗಿನವರ ಮುಂದೆ ಇಂಜಿ ಎನ್ನುವಾಗ ನಾಲಿಗೆ ಒಮ್ಮೆ ತಡವರಿಸುತ್ತಿತ್ತು.

ಕಾಲೇಜಿಗೆ ಬಂದ ಮೇಲೆ ದೊಡ್ಡ ಇಂಗ್ಲಿಷ್ ನಿಘಂಟುಗಳನ್ನು ತಿರುವಿ ಹಾಕುವ ಚಟ ಹತ್ತಿತು. ಅಂತಹ ನಿಘಂಟುಗಳಲ್ಲಿ ಪ್ರತಿ ಪದದ ಕೊನೆಗೆ ಚೌಕ ಕಂಸದೊಳಗೆ ಅದರ ವಂಶಾವಳಿ ಇರುತ್ತದೆ. ಒಮ್ಮೆ ಜಿಂಜರ್ ಎಂಬ ಪದದ ವಂಶಾವಳಿಯ ಮೇಲೆ ಕಣ್ಣು ಬಿತ್ತು. ಸಾಮಾನ್ಯವಾಗಿ ಇಂಗ್ಲಿಷ್ ಪದಗಳ ಹಾದಿ ಫ್ರೆಂಚ್, ಲ್ಯಾಟಿನ್, ಗ್ರೀಕ್ ಎಂದು ಯುರೋಪಿನೊಳಗೇ ಮುಗಿದು ಬಿಡುತ್ತದೆ. ಇದರದ್ದು ಹಾಗಲ್ಲ. ಇಂದಿನ ಜಿಂಜರ್‌ಗಿಂತ ಹಿಂದೆ ಜಿಂಜಿವರೆ, ಅದಕ್ಕೂ ಹಿಂದೆ, ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ, ಜಿಂಜಿಫರ್. ಅದು ಬಂದದ್ದು ಮಧ್ಯಯುಗದ ಲ್ಯಾಟಿನ್ನಿನ ಜಿಂಜಿಬರ್‌ನಿಂದ. ಅದರ ಹಿಂದೆ ಹಳೆಯ ಲ್ಯಾಟಿನ್ನಿನ ಝಿಂಗಿಬೆರ್. ಅದರ ಹಿಂದೆ ಗ್ರೀಕರ ಝಿಂಗಿಬೆರಿಸ್. ಗ್ರೀಕರ ಹಿಂದೆ ನಮ್ಮ ಪಾಲಿ, ಪ್ರಾಕೃತಗಳ ಸಿಂಗಿವೇರ. ಆಮೇಲೆ ಒಂದು ಪುಟ್ಟ ಸೂಚನೆ: ದ್ರಾವಿಡ ಮೂಲ, ತಮಿಳಿನ ಇಂಜಿಯನ್ನು ಹೋಲಿಸಿ.

ಆ ಕೊನೆಯ ಪದವನ್ನು ಎರಡು ಸಲ ಓದಿದೆ. ಉಮ್ಮನ ಅಡುಗೆ ಮನೆಯ ಪದ ಇಂಗ್ಲಿಷ್ ನಿಘಂಟಿನೊಳಗೆ, ಅದೂ ವಂಶವೃಕ್ಷದ ಬುಡದಲ್ಲಿ ಕೂತಿತ್ತು!

ಇಂಜಿವೇರ್ ಎಂದರೆ ಇಂಜಿಯ ಬೇರು. ತಮಿಳು, ಮಲಯಾಳಂಗಳಲ್ಲಿ ವೇರ್ ಎಂಬುದು ಕನ್ನಡದಲ್ಲಿ ಬೇರು. ಪದದ ಮೊದಲಿನ ವಕಾರ ಕನ್ನಡ, ತುಳುಗಳಲ್ಲಿ ಬಕಾರವಾಗುವುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಬ್ಯಾರಿಯೂ ನೆರೆಹೊರೆಯ ಈ ಅಭ್ಯಾಸವನ್ನು ಕಲಿತುಕೊಂಡಿದೆ. ಅಂದರೆ ಲಂಡನ್ನಿನಲ್ಲಿ ಯಾರಾದರೂ ಜಿಂಜರ್ ಎಂದಾಗ ಕೊನೆಗೆ ಕೇಳಿಸುವ ಆ ‘ಅರ್’ ನಮ್ಮ ಬೇರಿನ ತುಣುಕು. (ಸಸ್ಯಶಾಸ್ತ್ರದ ಮೇಷ್ಟರುಗಳು ತಕ್ಷಣ ತಿದ್ದುತ್ತಾರೆ: ಶುಂಠಿ ಬೇರಲ್ಲ, ಮಣ್ಣೊಳಗೆ ಹರಡುವ ಕಾಂಡ. ಇರಲಿ, ಪದ ಕಟ್ಟಿದ ಹಳಬರು ಮಣ್ಣಿನಿಂದ ಕಿತ್ತದ್ದನ್ನೆಲ್ಲ ಬೇರೆಂದೇ ಕರೆದರು.)

ಆದರೆ ಪಾಲಿಯ ಸಿಂಗಿವೇರದಲ್ಲಿ ಮೊದಲಿಗೊಂದು ಸಕಾರವಿದೆ, ಇಂಜಿಯಲ್ಲಿ ಅದಿಲ್ಲ. ಅದೆಲ್ಲಿಂದ ಬಂತು? ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸ ಥಾಮಸ್ ಬರೋ ಅವರು 1940ರ ದಶಕದಲ್ಲಿ ಬರೆದ ಲೇಖನವೊಂದು ಇಂತಹ ಪ್ರಶ್ನೆಗಳಿಗೆ ದಾರಿ ತೋರಿಸಿತು. ದಕ್ಷಿಣದ ದ್ರಾವಿಡ ಭಾಷೆಗಳು ಬಹಳ ಹಿಂದೆಯೇ ಅನೇಕ ಪದಗಳ ಮೊದಲಿನ ಚಕಾರವನ್ನೋ ಸಕಾರವನ್ನೋ ಕಳೆದುಕೊಂಡಿವೆ ಎಂದು ಅವರು ತೋರಿಸಿದರು. ಒಂದು ಸುಲಭದ ಉದಾಹರಣೆ ಕೊಡುತ್ತೇನೆ. ಕನ್ನಡ, ತಮಿಳುಗಳಲ್ಲಿ ಆರು ಎನ್ನುವ ಸಂಖ್ಯೆಯನ್ನು ಮಧ್ಯ ಭಾರತದ ಗೊಂಡಿ ಭಾಷೆಯವರು ಸಾರುಂಗ್ ಎನ್ನುತ್ತಾರೆ. ನಾವು ಉದುರಿಸಿದ ಅಕ್ಷರವನ್ನು ಅವರು ಉಳಿಸಿಕೊಂಡಿದ್ದಾರೆ. ಇಂಜಿಯೂ ಹೀಗೆಯೇ ತಲೆ ಕಳೆದುಕೊಂಡ ಪದ. ಅದರ ತಲೆ ಇನ್ನೂ ಇದ್ದ ಕಾಲದಲ್ಲೇ ಉತ್ತರದವರು ಅದನ್ನು ಎರವಲು ಪಡೆದು ಪಾಲಿಯಲ್ಲಿ ಜೋಪಾನವಾಗಿಟ್ಟರು. ಬೌದ್ಧರ ವಿನಯಪಿಟಕದಲ್ಲಿ ಭಿಕ್ಷುಗಳು ಔಷಧವಾಗಿ ಬಳಸಬಹುದಾದ ಬೇರುಗಳ ಪಟ್ಟಿಯೊಂದಿದೆ. ಅರಸಿನದ ಜೊತೆಗೆ ಅಲ್ಲಿ ಸಿಂಗಿವೇರವೂ ಇದೆ.

ಸಂಸ್ಕೃತ ಪಂಡಿತರ ಕೈಗೆ ಸಿಕ್ಕಾಗ ಈ ಪದಕ್ಕೆ ಹೊಸ ಉಡುಪು ಬಂತು. ಸಿಂಗಿವೇರ ಶೃಂಗವೇರವಾಯಿತು. ಶೃಂಗ ಎಂದರೆ ಕೊಂಬು, ವೇರ ಎಂದರೆ ದೇಹ, ಹಾಗಾಗಿ ಕೊಂಬಿನಾಕಾರದ ದೇಹವುಳ್ಳದ್ದು ಎಂದು ಅರ್ಥ ಹೇಳಿದರು. ಒಪ್ಪುವ ಹಾಗೆಯೇ ಇದೆ, ಶುಂಠಿಯ ತುಂಡು ಜಿಂಕೆಯ ಕೊಂಬನ್ನು ಹೋಲುವುದು ಸುಳ್ಳಲ್ಲ. ಆದರೆ ಇದು ಪದ ಬಂದ ಮೇಲೆ ಹೆಣೆದ ಕತೆ. ರಾಮಾಯಣದಲ್ಲಿ ಗುಹನ ಊರು ಶೃಂಗವೇರಪುರ. ಅಲಹಾಬಾದಿನ ಹತ್ತಿರ ಗಂಗೆಯ ದಡದಲ್ಲಿ ಇಂದಿಗೂ ಇರುವ ಆ ಊರಿಗೆ ಶೃಂಗಿ ಋಷಿಯಿಂದ ಹೆಸರು ಬಂತೆಂದು ಜನ ಹೇಳುತ್ತಾರೆ. ಅಕ್ಷರಶಃ ಓದಿದರೆ ಮಾತ್ರ ಅದು ಶುಂಠಿಯೂರು!

ಅರ್ಥ ಗೊತ್ತಿಲ್ಲದ ಪರದೇಶಿ ಪದಕ್ಕೆ ತಮ್ಮ ಭಾಷೆಯ ಅರ್ಥ ತುಂಬುವ ಈ ಚಾಳಿ ಎಲ್ಲ ಕಡೆಯೂ ಇದೆ. ಸಕ್ಕರೆಪಾಕದಲ್ಲಿಟ್ಟ ಶುಂಠಿಗೆ ಹಳೆಯ ಫ್ರೆಂಚಿನಲ್ಲಿ ಜಿಂಜಬ್ರಾಸ್ ಎಂಬಂತಹ ಹೆಸರಿತ್ತು. ಇಂಗ್ಲಿಷರ ಕಿವಿಗೆ ಅದರ ಕೊನೆ ಬ್ರೆಡ್ ಎಂದು ಕೇಳಿಸಿತು. ಹೀಗೆ ಹುಟ್ಟಿದ್ದು ಜಿಂಜರ್‌ಬ್ರೆಡ್. ಮೊದಲಿಗೆ ಅದರಲ್ಲಿ ಬ್ರೆಡ್ಡೇ ಇರಲಿಲ್ಲ. ಹೆಸರು ಬಂದ ಮೇಲೆ ಹಿಟ್ಟು ಬಂದು ಸೇರಿತು. ಇನ್ನು ಮೆಲ್ಲಗೆ, ಹುಷಾರಾಗಿ ಎಂಬರ್ಥದ ಜಿಂಜರ್ಲಿ ಎಂಬ ಪದಕ್ಕೂ ಶುಂಠಿಗೂ ಸಂಬಂಧವಿಲ್ಲವೆಂದೇ ಬಲ್ಲವರ ಅಭಿಪ್ರಾಯ. ಜರ್ಮನರು ಶುಂಠಿಗೆ ಇಂಗ್ವರ್ ಎನ್ನುತ್ತಾರೆ. ಕೇಳಿದರೆ ನೇರವಾಗಿ ತಮಿಳುನಾಡಿನಿಂದ ಇಂಜಿವೇರನ್ನು ಎತ್ತಿಕೊಂಡು ಹೋದ ಹಾಗಿದೆ. ಹಾಗಲ್ಲ, ಅದೂ ಲ್ಯಾಟಿನ್ನಿನ ದಾರಿಯಲ್ಲೇ ಹೋಗಿ, ಅಲ್ಲಿ ಮೊದಲಕ್ಷರ ಕಳೆದುಕೊಂಡದ್ದು. ಅತ್ತ ಜರ್ಮನಿಯಲ್ಲಿ, ಇತ್ತ ತಮಿಳುನಾಡಿನಲ್ಲಿ ಪದ ಬೇರೆ ಬೇರೆ ಕಾಲದಲ್ಲಿ ಒಂದೇ ರೀತಿ ತಲೆ ಬೋಳಿಸಿಕೊಂಡಿದೆ.

ಈ ಒಂದು ಪದದ ಪ್ರಯಾಣದ ಬಗ್ಗೆಯೇ ಇಡೀ ಪುಸ್ತಕ ಬರೆದವರೊಬ್ಬರಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರೊಫೆಸರ್ ಆಗಿದ್ದ ಅಲನ್ ರಾಸ್. ಪುಸ್ತಕ ಬಂದದ್ದು 1952ರಲ್ಲಿ. ಸ್ವಾರಸ್ಯವೆಂದರೆ, ಎರಡೇ ವರ್ಷದಲ್ಲಿ ಇದೇ ರಾಸ್ ಇನ್ನೊಂದು ಲೇಖನ ಬರೆದು ಲೋಕಪ್ರಸಿದ್ಧರಾದರು. ಇಂಗ್ಲೆಂಡಿನ ಮೇಲ್ವರ್ಗದವರು ಯಾವ ಪದ ಬಳಸುತ್ತಾರೆ, ಉಳಿದವರು ಯಾವ ಪದ ಬಳಸುತ್ತಾರೆ ಎಂಬುದರ ಪಟ್ಟಿ ಅದರಲ್ಲಿತ್ತು. ಬಾಯಿ ಬಿಟ್ಟ ಕೂಡಲೇ ಒಬ್ಬ ಮನುಷ್ಯನ ಅಂತಸ್ತನ್ನು ಅಳೆದು ಬಿಡುವ ವಿದ್ಯೆ ಅದು. ಶುಂಠಿಯ ಪುಸ್ತಕವನ್ನು ಭಾಷಾಶಾಸ್ತ್ರದವರ ಹೊರತು ಯಾರೂ ನೆನಪಿಡಲಿಲ್ಲ. ಅಂತಸ್ತಿನ ಪಟ್ಟಿಯನ್ನು ಮಾತ್ರ ಜನ ಬಾಯಿಪಾಠ ಮಾಡಿಕೊಂಡರು. ನಮ್ಮ ಮೇಷ್ಟರು ರಾಸ್‌ರ ಹೆಸರನ್ನೂ ಕೇಳಿರಲಾರರು, ಆದರೆ ಆ ಎರಡನೆಯ ವಿದ್ಯೆ ಅವರಿಗೂ ಗೊತ್ತಿತ್ತು.

ಗ್ರೀಕರು, ರೋಮನರು ಈ ಪದಾರ್ಥವನ್ನು ತಿಂದರೇ ಹೊರತು ಅದು ಎಲ್ಲಿ ಬೆಳೆಯುತ್ತದೆಂದು ತಿಳಿದಿರಲಿಲ್ಲ. ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿ, ಶುಂಠಿ ಎಂಬುದು ಕರಿಮೆಣಸಿನ ಗಿಡದ ಬೇರೆಂದು ನಂಬಿದವರನ್ನು ತಿದ್ದುತ್ತಾನೆ. ತಿದ್ದಿದ ಮೇಲೆ ತಾನೇ ಎಡವುತ್ತಾನೆ. ಅದು ಅರೇಬಿಯಾದಲ್ಲೂ ಕೆಂಪು ಸಮುದ್ರದ ಆಚೆ ದಡದ ಆಫ್ರಿಕಾದಲ್ಲೂ ಬೆಳೆಯುತ್ತದೆಂದು ಬರೆಯುತ್ತಾನೆ. ಕಾರಣ ಊಹಿಸುವುದು ಕಷ್ಟವಲ್ಲ. ಭಾರತದ ಸರಕು ಆ ಬಂದರುಗಳ ಮೂಲಕ ರೋಮಿಗೆ ಹೋಗುತ್ತಿತ್ತು. ಅಂಗಡಿಯವನನ್ನೇ ರೈತನೆಂದು ತಿಳಿದ ಹಾಗಾಯಿತು.

ಅರಬರು ಬೆಳೆಯಲಿಲ್ಲ ನಿಜ, ಆದರೆ ಪದವನ್ನು ಅವರೂ ಪಡೆದುಕೊಂಡರು. ಭಾರತದಿಂದ ಹಳೆಯ ಪಾರಸಿಗೆ, ಅಲ್ಲಿಂದ ಸಿರಿಯಾಕ್ ಭಾಷೆಗೆ, ಅಲ್ಲಿಂದ ಅರಬಿಗೆ. ಕೊನೆಯ ರಕಾರ ದಾರಿಯಲ್ಲಿ ಲಕಾರವಾಯಿತು. ಹೀಗೆ ಆದದ್ದು ಝಂಜಬೀಲ್.

ಓದುಗರಲ್ಲಿ ಅನೇಕರು ಈ ಪದವನ್ನು ಕೇಳಿಯೇ ಇರುತ್ತೀರಿ. ಪವಿತ್ರ ಕುರ್‌ಆನಿನ 76ನೆಯ ಅಧ್ಯಾಯ ಅದ್ದಹ್ರ್‌ನ 17ನೆಯ ಸೂಕ್ತದಲ್ಲಿ, ಸ್ವರ್ಗವಾಸಿಗಳಿಗೆ ಕೊಡಲಾಗುವ ಪಾನೀಯದಲ್ಲಿ ಬೆರೆತಿರುವುದು ಝಂಜಬೀಲ್. ಶುಕ್ರವಾರದ ಫಜ್ರ್ ನಮಾಝಿನಲ್ಲಿ ಸಜ್ದಾ ಮತ್ತು ಅದ್ದಹ್ರ್ ಅಧ್ಯಾಯಗಳನ್ನು ಓದುವುದು ಪ್ರವಾದಿವರ್ಯರ(ಸ) ಸುನ್ನತ್. ಹಾಗಾಗಿ ಚಿಕ್ಕಂದಿನಿಂದಲೂ ವಾರಕ್ಕೊಮ್ಮೆ ನಸುಕಿನಲ್ಲಿ, ಅರೆನಿದ್ದೆಯಲ್ಲಿ ನಿಂತು ಇಮಾಮರ ಬಾಯಿಂದ ಈ ಪದ ಕೇಳುತ್ತಿದ್ದೆ. ಮನೆಗೆ ಬಂದರೆ ಉಮ್ಮ ಇಂಜಿ ಜಜ್ಜಿ ಹಾಕಿದ ಚಹಾ ಕೊಡುತ್ತಿದ್ದರು. ಮಸೀದಿಯಲ್ಲಿ ಕೇಳಿದ್ದೂ ಲೋಟದಲ್ಲಿ ಕುಡಿದದ್ದೂ ಒಂದೇ ಎಂದು ಹೇಳುವವರು ಯಾರೂ ಇರಲಿಲ್ಲ. ಕನ್ನಡ ಅನುವಾದ ಕೈಗೆ ಬಂದಾಗ ಅದು ಶುಂಠಿ ಎಂದು ತಿಳಿಯಿತು. ಅದು ಇಂಜಿಯೂ ಹೌದೆಂದು ತಿಳಿಯಲು ಇಂಗ್ಲಿಷ್ ನಿಘಂಟು ಬೇಕಾಯಿತು.

ಈಗ ಒಂದು ಸೂಕ್ಷ್ಮ ಪ್ರಶ್ನೆ. ತಾನು ಸ್ಪಷ್ಟವಾದ ಅರಬಿ ಭಾಷೆಯಲ್ಲಿ ಅವತೀರ್ಣವಾಗಿದ್ದೇನೆಂದು ಕುರ್‌ಆನ್ ಸ್ವತಃ ಹೇಳುತ್ತದೆ. ಹಾಗಿರುವಾಗ ಅದರಲ್ಲಿ ಅರಬೇತರ ಮೂಲದ ಪದಗಳಿವೆ ಎನ್ನಬಹುದೇ? ಇದು ಇಂದಿನವರು ಎತ್ತಿದ ಪ್ರಶ್ನೆಯಲ್ಲ. ಹಿಜ್‌ರಿ ಎರಡನೆಯ, ಮೂರನೆಯ ಶತಮಾನದಲ್ಲೇ ವಿದ್ವಾಂಸರು ಈ ಬಗ್ಗೆ ಬಿಸಿಬಿಸಿ ಚರ್ಚೆ ನಡೆಸಿದ್ದಾರೆ. ಇಮಾಮ್ ಶಾಫಿಈ (ನಿಧನ ಕ್ರಿ.ಶ. 820) ಅವರು, ಕುರ್‌ಆನಿನಲ್ಲಿರುವುದೆಲ್ಲ ಅರಬರ ಭಾಷೆಯೇ, ಅರಬಿ ಬಹಳ ವಿಶಾಲವಾದ ಭಾಷೆ, ಅದರ ಎಲ್ಲ ಪದಗಳೂ ಒಬ್ಬನಿಗೆ ಗೊತ್ತಿರಲಾರದು ಎಂದು ವಾದಿಸಿದರು. ಭಾಷಾಪಂಡಿತ ಅಬೂ ಉಬೈದಾ ಅವರದ್ದು ಇನ್ನೂ ಕಟುವಾದ ನಿಲುವು. ಅಂದ ಹಾಗೆ, ಅವರ ಸ್ವಂತ ಮನೆತನ ಅರಬೇತರ ಮೂಲದ್ದು. ಇತಿಹಾಸಕಾರ ತಬರಿ (ನಿಧನ 923) ನಡುದಾರಿ ಹಿಡಿದು, ಒಂದೇ ಪದ ಎರಡು ಭಾಷೆಗಳಲ್ಲಿ ಇರಬಹುದಲ್ಲ, ಅದು ಇವರದ್ದೇ ಅವರದ್ದೇ ಎಂದು ಯಾಕೆ ಹಟ ಎಂದರು.

ಆದರೆ ನನ್ನ ಮನಸ್ಸಿಗೆ ಹಿಡಿಸಿದ ಉತ್ತರ ಅಬೂ ಉಬೈದ್ ಅಲ್‌ಖಾಸಿಂ ಇಬ್ನ್ ಸಲ್ಲಾಮ್ ಅವರದ್ದು (ನಿಧನ 838. ಮೇಲಿನ ಅಬೂ ಉಬೈದಾ ಬೇರೆ, ಇವರು ಬೇರೆ). ಎರಡು ಕಡೆಯವರೂ ಸತ್ಯವನ್ನೇ ಹೇಳುತ್ತಿದ್ದಾರೆ ಎಂದರು ಅವರು. ಈ ಪದಗಳು ಹುಟ್ಟಿದ್ದು ಬೇರೆಯವರಲ್ಲಿ. ಅರಬರು ಅವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು, ಅವು ಅರಬಿಯಾದವು. ಆ ಮೇಲೆ ಕುರ್‌ಆನ್ ಅವತೀರ್ಣವಾಯಿತು. ಪರಕೀಯ ಎಂದವನು ಮೂಲ ನೋಡಿ ಹೇಳಿದ, ಅರಬಿ ಎಂದವನು ಬಳಕೆ ನೋಡಿ ಹೇಳಿದ. ಹೀಗೆ ಹೇಳಿದ ಮಹನೀಯರು ಯಾರೆಂದು ಬಲ್ಲಿರಾ? ಹೆರಾತಿನಲ್ಲಿ ಗುಲಾಮನಾಗಿದ್ದ ರೋಮನನೊಬ್ಬನ ಮಗ. ತಂದೆ ರೂಮಿ, ಮಗ ಅರಬಿಯ ಇಮಾಮ್! ನಾವು ಕರಾವಳಿಯ ಬ್ಯಾರಿಗಳು ಶಾಫಿಈ ಮದ್‌ಹಬಿನವರು. ಆದರೆ ಈ ಒಂದು ವಿಷಯದಲ್ಲಿ ನಾನು ಅಬೂ ಉಬೈದರ ಪಕ್ಷ.

ಮುಂದೆ ಜವಾಲಿಖಿ, ಸುಯೂತಿಯಂತಹ ದೊಡ್ಡವರು ಅರಬಿಯಲ್ಲಿ ಸೇರಿಕೊಂಡ ಪದಗಳ ಮೇಲೆ ಗ್ರಂಥಗಳನ್ನೇ ಬರೆದರು. ಅದರಿಂದ ಯಾರ ಈಮಾನಿಗೂ ಧಕ್ಕೆಯಾಗಲಿಲ್ಲ. ನಮ್ಮ ದೇಶದವರೇ ಆದ ಸಯ್ಯದ್ ಸುಲೈಮಾನ್ ನದ್ವಿ ಅವರು ಅಲಹಾಬಾದಿನಲ್ಲಿ ಕೊಟ್ಟ ಉಪನ್ಯಾಸಗಳು ‘ಅರಬ್ ಓ ಹಿಂದ್ ಕೇ ತಅಲ್ಲುಖಾತ್’ ಎಂಬ ಪುಸ್ತಕವಾಗಿ 1930ರಲ್ಲಿ ಪ್ರಕಟವಾದವು. ಮಿಸ್ಕ್, ಕಾಫೂರ್, ಝಂಜಬೀಲ್, ಅಂದರೆ ಕಸ್ತೂರಿ, ಕರ್ಪೂರ, ಶುಂಠಿ, ಈ ಮೂರೂ ಕುರ್‌ಆನಿನಲ್ಲಿರುವ ಭಾರತದ ಪದಗಳೆಂದು ಅವರು ಅದರಲ್ಲಿ ಹೆಮ್ಮೆಯಿಂದಲೇ ಬರೆದಿದ್ದಾರೆ. ಕರ್ಪೂರದ ಮೂಲ ಮಲಯ ದ್ವೀಪಗಳೆನ್ನುವವರೂ ಇದ್ದಾರೆ, ಅದು ಬೇರೆ ಮಾತು. ಮೂರೂ ಪದಗಳು ಇಂಗ್ಲಿಷಿಗೂ ಹೋಗಿವೆ: ಮಸ್ಕ್, ಕ್ಯಾಂಫರ್, ಜಿಂಜರ್. ಕುರ್‌ಆನಿನ ಅರಬೇತರ ಪದಗಳ ಬಗ್ಗೆ ಪಾಶ್ಚಾತ್ಯರು ಬರೆದ ಪ್ರಸಿದ್ಧ ಗ್ರಂಥ ಆರ್ಥರ್ ಜೆಫ್ರಿಯವರದ್ದು. ಅದು 1938ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲೂ ಅಲ್ಲ, ಕೈರೋದಲ್ಲೂ ಅಲ್ಲ, ನಮ್ಮ ಬರೋಡಾದಲ್ಲಿ, ಗಾಯಕವಾಡ ಮಹಾರಾಜರ ಗ್ರಂಥಮಾಲೆಯಲ್ಲಿ.

ಹಾಗೆ ಹೋದ ಪದ ವೇಷ ಬದಲಿಸಿಕೊಂಡು ಮತ್ತೆ ನಮ್ಮ ಕರಾವಳಿಗೇ ಬಂತು. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 17 ವರ್ಷ ಮಂಗಳೂರಿನಲ್ಲಿದ್ದ. ಅವನ ಪತ್ರಗಳು ಹಳೆ ಕೈರೋದ ಸಿನಗಾಗಿನಲ್ಲಿ ಉಳಿದುಕೊಂಡದ್ದನ್ನೂ, ಅವನ ತುಳುನಾಡಿನ ಆಳು ಬೊಮ್ಮನ ಕತೆಯನ್ನೂ ಅಮಿತಾವ್ ಘೋಷ್ ತಮ್ಮ 1992ರ ಪುಸ್ತಕದಲ್ಲಿ ಬಲು ಸೊಗಸಾಗಿ ಹೇಳಿದ್ದಾರೆ. ಆ ವರ್ತಕರು ಬರೆಯುತ್ತಿದ್ದ ಭಾಷೆ ಅರಬಿ, ಲಿಪಿ ಹೀಬ್ರೂ. 1342ರ ಸುಮಾರಿಗೆ ಇಬ್ನ್ ಬತೂತಾ ಮಂಗಳೂರಿಗೆ ಬಂದ. ಅವನ ಬಾಯಲ್ಲಿ ಅದು ಮಂಜರೂರ್. ಪಾರಸಿ ಮತ್ತು ಯಮನಿನ ವರ್ತಕರು ಇಳಿಯುವ ಊರು ಇದು, ಕರಿಮೆಣಸು ಮತ್ತು ಶುಂಠಿ ಇಲ್ಲಿ ಹೇರಳ ಎಂದು ಬರೆದಿದ್ದಾನೆ. ಊರ ಹೊರಗೆ ಸುಮಾರು 4,000 ಮುಸ್ಲಿಮರಿದ್ದರು, ಅವರಿಗೆ ಶಾಫಿಈ ಖಾಝಿಯೊಬ್ಬರಿದ್ದರು ಎಂದೂ ಹೇಳುತ್ತಾನೆ. ಬಂದರಿನಲ್ಲಿ ಒಂದು ಕಡೆ ಇಂಜಿ ಎನ್ನುವವರು, ಇನ್ನೊಂದು ಕಡೆ ಝಂಜಬೀಲ್ ಎನ್ನುವವರು. ನಡುವೆ ನಿಂತ ದಲ್ಲಾಳಿಗೆ ಎರಡೂ ಗೊತ್ತಿದ್ದಿರಬೇಕು. ಅವರಲ್ಲಿ ಯಾರಿಗಾದರೂ ಇದು ಒಂದೇ ಪದದ ಎರಡು ತುಂಡುಗಳೆಂದು ಅನಿಸಿತ್ತೇ?

ಇನ್ನು ಶುಂಠಿಯ ವಿಷಯ. ಇಂಜಿ ಪರಭಾಷೆಯದೆಂದು ಕೆಂಪು ಗೆರೆ ಬಿದ್ದು ಅದರ ಜಾಗದಲ್ಲಿ ಬಂದ ಶುಂಠಿ ಸಂಸ್ಕೃತದಿಂದ ಬಂದ ಪದ. ಅಲ್ಲಿ ಅದರ ಅರ್ಥ ಒಣಗಿಸಿದ್ದು ಎಂದೇ. ಹಸಿಯದಕ್ಕೆ ಸಂಸ್ಕೃತದಲ್ಲಿ ಆರ್ದ್ರಕ, ಅಂದರೆ ಒದ್ದೆಯದು. ಅದರಿಂದ ಹಿಂದಿ, ಉರ್ದುಗಳ ಅದ್ರಕ್ ಬಂತು. ನಾವು ಕನ್ನಡದಲ್ಲಿ ಹಸಿ ಶುಂಠಿ ಎನ್ನುವಾಗ, ಮೂಲ ಹಿಡಿದು ಹೊರಟರೆ, ಹಸಿ ಒಣಗಿದ್ದು ಎಂದ ಹಾಗಾಗುತ್ತದೆ. ಹಾಗೆಂದು ಶುಂಠಿ ಕನ್ನಡವಲ್ಲ ಎನ್ನಲಾದೀತೇ? ಶಾಲೆಯ ವ್ಯಾಕರಣದಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ಕಲಿಸುತ್ತಾರೆ. ಅನ್ಯದೇಶ್ಯದ ಪಟ್ಟಿಯಲ್ಲಿ ಅರ್ಜಿ, ಕಚೇರಿ, ಜಮೀನು, ಸರಕಾರ ಮುಂತಾದ ನಮ್ಮ ಪರಿಚಿತ ಪದಗಳಿರುತ್ತವೆ. ಸಂಸ್ಕೃತದಿಂದ ಬಂದವಕ್ಕೆ ತತ್ಸಮ ಎಂಬ ಗೌರವದ ಮಣೆ, ಪಾರಸಿ, ಅರಬಿಯಿಂದ ಬಂದವಕ್ಕೆ ಅನ್ಯ ಎಂಬ ಚೀಟಿ. 13ನೆಯ ಶತಮಾನದ ಆಂಡಯ್ಯ ಹಟ ಹಿಡಿದು ಸಂಸ್ಕೃತ ತತ್ಸಮಗಳನ್ನು ಬಿಟ್ಟು ಒಂದು ಕಾವ್ಯವನ್ನೇ ಬರೆದ. ಅವನ ಹಟದ ಬಗ್ಗೆ ನನಗೆ ಗೌರವವಿದೆ. ಆದರೆ ಅಂಗಡಿಗೆ ಹೋಗುವವರು ಹಾಗೆ ಬದುಕಲಾರರು. ಪದಗಳನ್ನು ವರ್ಗ ಮಾಡಲಿ, ತಪ್ಪೇನಿಲ್ಲ. ಆ ಚೀಟಿಯನ್ನು ಪದ ಬಳಸುವ ಮಗುವಿನ ಬೆನ್ನಿಗೆ ಅಂಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇಷ್ಟೆಲ್ಲ ಓದಿದ ಮೇಲೆ, ‘ನೋಡಿ, ಇಂಗ್ಲಿಷರಿಗೂ ಅರಬರಿಗೂ ಪದ ಕೊಟ್ಟವರು ನಾವು’ ಎಂದು ಎದೆ ತಟ್ಟಿಕೊಳ್ಳಬೇಕೆನಿಸುವುದು ಸಹಜ. ನನಗೂ ಕೆಲವು ದಿನ ಹಾಗನಿಸಿತ್ತು. ಆದರೆ ಗಿಡದ ಕತೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಶುಂಠಿ ಕಾಡಿನಲ್ಲಿ ತಾನಾಗಿ ಬೆಳೆದದ್ದು ಎಲ್ಲೂ ಸಿಕ್ಕಿಲ್ಲ. ಮನುಷ್ಯ ನೆಟ್ಟರೆ ಮಾತ್ರ ಉಂಟು. ಅದರ ಮೂಲ ನಮ್ಮಿಂದ ಪೂರ್ವಕ್ಕೆ, ಆಗ್ನೇಯ ಏಷ್ಯಾದ ಕಡೆಗಿರಬೇಕೆಂದು ಸಸ್ಯಶಾಸ್ತ್ರಜ್ಞರು ಬೆರಳು ತೋರಿಸುತ್ತಾರೆ. ಗಿಡದ ಜೊತೆಗೆ ಹೆಸರೂ ಅಲ್ಲಿಂದಲೇ ಬಂದಿರಬಹುದೆಂಬ ಊಹೆಯೂ ಇದೆ. ಹಾಗಾದರೆ ಇಂಜಿಯೂ ಒಂದು ಕಾಲದ ಅನ್ಯದೇಶ್ಯವೇ.

ಇನ್ನೊಂದು ಸಂಗತಿಯಿದೆ. ಶುಂಠಿ ಬೀಜದಿಂದ ಹರಡುವ ಬೆಳೆಯಲ್ಲ. ಹಕ್ಕಿ ತಿಂದು ಎಲ್ಲೋ ಉದುರಿಸಿದ್ದರಿಂದ, ಗಾಳಿ ಹೊತ್ತೊಯ್ದದ್ದರಿಂದ ಅದು ಊರು ದಾಟಲಾರದು. ಒಬ್ಬರು ಒಂದು ತುಂಡು ಮುರಿದು ಕೊಡಬೇಕು, ಇನ್ನೊಬ್ಬರು ಅದನ್ನು ಒಯ್ದು ಮಣ್ಣಲ್ಲಿ ಹೂಳಬೇಕು. ಹಾಗೆಯೇ ಅದು 16ನೆಯ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಯಿತು. ಅಲ್ಲಿ ಅದನ್ನು ನೆಟ್ಟು ಕಿತ್ತದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಈ ಗಿಡಕ್ಕೆ ಇಂದಿನ ಸಸ್ಯಶಾಸ್ತ್ರದ ಹೆಸರು, ಝಿಂಜಿಬರ್ ಅಫಿಸಿನೇಲ್, ಕೊಟ್ಟದ್ದು ಲಿವರ್‌ಪೂಲಿನ ವಿಲಿಯಂ ರಾಸ್ಕೋ, 1807ರಲ್ಲಿ. ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ್ದ ಆ ಊರಿನ ಸಂಸತ್ ಸದಸ್ಯನಾಗಿದ್ದೂ ಅದೇ ವರ್ಷ ಆ ವ್ಯಾಪಾರದ ನಿಷೇಧವನ್ನು ಬೆಂಬಲಿಸಿದವನು ಅವನು.

ಇಬ್ನ್ ಬತೂತಾ ಕೋಝಿಕೋಡಿನ ಬಂದರಿನಲ್ಲಿ ಚೀನಾದ ದೊಡ್ಡ ಹಡಗುಗಳನ್ನೂ ಕಂಡಿದ್ದ. ಅವುಗಳ ನಾವಿಕರು ಹೆಂಡತಿ ಮಕ್ಕಳ ಸಮೇತ ಹಡಗಿನಲ್ಲೇ ಸಂಸಾರ ಹೂಡಿದ್ದರಂತೆ. ತಿಂಗಳುಗಟ್ಟಲೆ ನೀರಿನ ಮೇಲೆ ಇರಬೇಕಲ್ಲ, ಮರದ ತೊಟ್ಟಿಗಳಲ್ಲಿ ಮಣ್ಣು ತುಂಬಿ ಸೊಪ್ಪು, ತರಕಾರಿ ಬೆಳೆಯುತ್ತಿದ್ದರಂತೆ. ಅದರ ಜೊತೆಗೆ ಶುಂಠಿಯನ್ನೂ. ಅದಕ್ಕೆ ಆ ಮಕ್ಕಳು ಏನು ಹೆಸರು ಹೇಳುತ್ತಿದ್ದರೋ ಅವನು ಬರೆದಿಲ್ಲ. ಝಂಜಬೀಲ್ ಎಂದಷ್ಟೇ ಬರೆದು ಮುಂದೆ ಹೋಗಿದ್ದಾನೆ.